ಸೂಜಿ ಕೇಳುತ್ತಿದ್ದ ಕೈ

ಒಂದು ಅಂಗಿಗೆ ಎಂಟು ಕಾಜಾ. ಎದೆಗೆ ಆರು, ತೋಳಿನ ಪಟ್ಟಿಗೆ ಒಂದೊಂದು. ಬೆಳಿಗ್ಗೆ ಗುಂಡಿ ಹಾಕಿಕೊಂಡು ಮನೆಯಿಂದ ಹೊರಡುವ ನಾವು, ಆ ಸೀಳಿನ ಅಂಚನ್ನು ಯಾರೋ ಕೂತು ದಾರದಿಂದ ಸುತ್ತಿ ಭದ್ರ ಮಾಡಿದ್ದಾರೆ ಎಂದು ಒಮ್ಮೆಯೂ ಯೋಚಿಸುವುದಿಲ್ಲ. ಕಾಜಾ ಚೆನ್ನಾಗಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಈ ಕಥೆಯ ಹೆಂಗಸು ಇಪ್ಪತ್ತೆರಡು ವರ್ಷ ಹಾಗೆ ಯಾರ ಕಣ್ಣಿಗೂ ಬೀಳದ ಕೆಲಸವನ್ನು ಒಂದೇ ಅಂಗಡಿಯಲ್ಲಿ ಮಾಡಿದವಳು. ಅಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಾಜಕ್ಕ ಎಂದು.

ಅಂಗಡಿ ದೊಡ್ಡದೇನಲ್ಲ. ಮೂರು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕದಲ್ಲಿ ಒರಗಲು ಆಸರೆಯಿಲ್ಲದ ಒಂದು ಸ್ಟೂಲು. ಸ್ಟೂಲು ಅವಳದು. ಕಾಜಾ ಹಾಕುವ ಯಂತ್ರ ಬಂದು ಎಷ್ಟೋ ಕಾಲವಾಯಿತು. ಆದರೂ ಅಂಗಡಿಯ ಯಜಮಾನ, ಎಲ್ಲರೂ ಮಾಸ್ಟರ್ ಎನ್ನುವ ಬೋಳುತಲೆಯ ಆಸಾಮಿ, ಕೋಟು ಮತ್ತು ರೇಷ್ಮೆ ಬಂದರೆ ಯಂತ್ರದ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. "ಯಂತ್ರ ಹಾಕಿದ್ದು ತೂತು, ಕಾಜಕ್ಕ ಹಾಕಿದ್ದು ಕಾಜಾ," ಎನ್ನುತ್ತಿದ್ದ.

ಆ ಅಂಗಡಿಯಲ್ಲಿ ಒಂದು ರೂಢಿ ಇತ್ತು. ಅದಕ್ಕೆ ಅವರು ಸೂಜಿ ಕೇಳುವುದು ಎನ್ನುತ್ತಿದ್ದರು. ಹೊಸ ಸೂಜಿಯ ಮೊನೆ ಕೂದಲೆಳೆಯಷ್ಟು ಬಾಗಿದ್ದರೂ ರೇಷ್ಮೆಯ ಎಳೆ ಅದಕ್ಕೆ ಸಿಕ್ಕಿ ಉದ್ದಕ್ಕೂ ಜಗ್ಗುತ್ತದೆ, ಬಟ್ಟೆ ಹಾಳು. ಬಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಹೊಸ ಸೂಜಿ ತೆಗೆದಾಗೆಲ್ಲ ಅದನ್ನು ಎಡಗೈಯ ಹಿಂಬದಿಯ ಚರ್ಮದ ಮೇಲೆ ಹಗುರವಾಗಿ ಗೀರಿ, ಕೊನೆಯಲ್ಲಿ ತುಸುವೇ ಚುಚ್ಚಿ ನೋಡಬೇಕು. ಒಳ್ಳೆಯ ಸೂಜಿ ತಣ್ಣಗೆ ಜಾರುತ್ತದೆ, ಕೆಟ್ಟದ್ದು ಚರ್ಮವನ್ನು ಕಚ್ಚುತ್ತದೆ. ಉಳಿದವರು ಬೇಕಾದರೆ ಕೇಳುತ್ತಿದ್ದರು, ಬೇಡವಾದರೆ ಬಿಡುತ್ತಿದ್ದರು. ಕಾಜಕ್ಕ ಒಂದು ದಿನವೂ ಬಿಟ್ಟವಳಲ್ಲ. ಅವಳ ಎಡಗೈಯ ಹಿಂಬದಿಯಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗದಲ್ಲಿ, ಸಾಸಿವೆ ಚೆಲ್ಲಿದ ಹಾಗೆ ಹಳೆಯ ಚುಕ್ಕೆಗಳಿದ್ದವು.

ಒಂದು ಸೋಮವಾರ ಸೂಜಿ ಕೇಳಿದಳು. ಬುಧವಾರ ಅದೇ ಜಾಗದಲ್ಲಿ ಒಂದು ಕೀವುಗುಳ್ಳೆ ಎದ್ದಿತು. ಭಾನುವಾರದ ಹೊತ್ತಿಗೆ ಅದು ಒಡೆದು ಬಿಲ್ಲೆಯಷ್ಟು ಹುಣ್ಣಾಯಿತು. ಅಂಚು ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು. ನೋವು ಮಾತ್ರ ಹುಣ್ಣಿನ ಗಾತ್ರಕ್ಕೆ ಒಂದಿಷ್ಟೂ ಹೊಂದದ ನೋವು.

"ಏನೋ ಕಚ್ಚಿರ್ಬೇಕು," ಎಂದ ಮಾಸ್ಟರ್.

"ನಿಮ್ಮ ಅಂಗಡೀಲಿ ಕಚ್ಚೋದು ನೀವೊಬ್ರೇ," ಎಂದಳು ಕಾಜಕ್ಕ.

ಅಷ್ಟರ ಮಟ್ಟಿಗೆ ನಗು ಇನ್ನೂ ಉಳಿದಿತ್ತು.

ಬೀದಿಯ ಕ್ಲಿನಿಕ್ಕಿನವನು ಹುಣ್ಣನ್ನು ಸೀಳಿ, ಸತ್ತ ಚರ್ಮ ಕೆರೆದು, ಪಟ್ಟಿ ಕಟ್ಟಿ ಕಳಿಸಿದ. ವಾರದೊಳಗೆ ಬಿಲ್ಲೆ ಅಂಗೈಯಗಲವಾಯಿತು. ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿ ಇನ್ನೂ ಅಚ್ಚುಕಟ್ಟಾಗಿ ಕೆರೆದರು. ಹುಣ್ಣು ಮಣಿಕಟ್ಟಿನ ಕಡೆಗೆ ಹೊರಟಿತು. ಕೀವನ್ನು ಎರಡು ಸಲ ಪರೀಕ್ಷೆಗೆ ಕಳಿಸಿದರು. ಎರಡು ಸಲವೂ ಒಂದೇ ಒಂದು ರೋಗಾಣು ಬೆಳೆಯಲಿಲ್ಲ. ಎಷ್ಟು ಬಗೆಯ ಔಷಧಿ ಹಾಕಿದರೂ ಹುಣ್ಣು ಕ್ಯಾರೇ ಅನ್ನಲಿಲ್ಲ.

ರೋಗಾಣು ಇಲ್ಲ, ಔಷಧಿಗೆ ಬಗ್ಗುತ್ತಿಲ್ಲ. ಇಲ್ಲಿ ಒಬ್ಬ ತಿಳಿದವನು ಏನು ಮಾಡಬೇಕು? ನನಗೆ ತಿಳಿಯುತ್ತಿಲ್ಲ ಎನ್ನಬೇಕು. ಆದರೆ ನಮ್ಮ ದೊಡ್ಡವರಿಗೆ ಆ ಎರಡು ಮಾತು ನಾಲಿಗೆಗೇ ಬರುವುದಿಲ್ಲ. ತಮಗೆ ಗೊತ್ತಾಗದ ಕಾಯಿಲೆ ಎಂದರೆ ಕಾಯಿಲೆಯವರದ್ದೇ ಏನೋ ಕಿತಾಪತಿ ಇರಬೇಕು. ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರು ಹುಣ್ಣಿನ ಸುತ್ತಲಿನ ಚುಕ್ಕೆಗಳ ಮೇಲೆ ಟಾರ್ಚು ಹಿಡಿದರು.

"ಇದೇನಮ್ಮ ಸಣ್ಣ ಸಣ್ಣ ಗುರುತು?"

"ಸೂಜಿದು ಸಾರ್."

"ಯಾರು ಚುಚ್ಚಿದ್ದು?"

"ನಾನೇ."

"ನೀವೇ? ಎಷ್ಟು ದಿನದಿಂದ?"

"ದಿನ ಏನ್ ಬಂತು ಸಾರ್, ಇಪ್ಪತ್ತೆರಡು ವರ್ಷ ಆಯ್ತು," ಎಂದಳು. ಅವಳ ದನಿಯಲ್ಲಿ ತುಸು ಹೆಮ್ಮೆಯೂ ಇತ್ತಂತೆ. ಕೆಲಸ ಬಲ್ಲವರಿಗೆ ಇರಬೇಕಾದ ಹೆಮ್ಮೆ.

ಡಾಕ್ಟರು ಮೂರು ಪ್ರಶ್ನೆ ಕೇಳಿದರು. ನಾಲ್ಕನೆಯದು ಉಳಿದಿತ್ತು: ಯಾಕೆ? ಒಂದೇ ಪದ. ಅದಕ್ಕೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಅದನ್ನು ಕೇಳುವ ಬದಲು ಅವರು ಫೈಲು ಎಳೆದುಕೊಂಡು ಬರೆದರು: "ತಾನೇ ಸೂಜಿಯಿಂದ ಚುಚ್ಚಿಕೊಳ್ಳುವುದಾಗಿ ರೋಗಿ ಒಪ್ಪಿಕೊಂಡಿದ್ದಾರೆ. ಗಾಯ ಸ್ವಯಂಕೃತ."

ಒಪ್ಪಿಕೊಂಡಿದ್ದಾರಂತೆ. ಕಳ್ಳತನ ಒಪ್ಪಿಕೊಂಡ ಹಾಗೆ.

ಗಂಡನನ್ನು ಮಾತ್ರ ಒಳಗೆ ಕರೆದು ಹೇಳಿದರು. ಗಂಡ ಗೋದಾಮೊಂದರ ಕೀಲಿಗಳ ಉಸ್ತುವಾರಿಯವನು. ಕೆಟ್ಟವನಲ್ಲ. ಆದರೆ ಯಾವ ತೊಂದರೆಗೂ ಅವನಿಗೆ ಗೊತ್ತಿದ್ದ ಮದ್ದು ಒಂದೇ, ಬೀಗ. ಅಂದು ಸಂಜೆಯೇ ಮನೆಯಲ್ಲಿದ್ದ ಸೂಜಿ, ಪಿನ್ನು, ಕತ್ತರಿ, ಹೆಂಡತಿಯ ಕೂದಲಿನ ಕ್ಲಿಪ್ಪು ಸಮೇತ ಎಲ್ಲವೂ ಕಬ್ಬಿಣದ ಕಪಾಟು ಸೇರಿದವು. ಬಚ್ಚಲುಮನೆಯ ಒಳ ಚಿಲಕವನ್ನು ಸ್ಕ್ರೂ ಬಿಚ್ಚಿ ತೆಗೆದ. ಕಾವಲಿಗೆ ತನ್ನ ತಂಗಿಯನ್ನು ಕರೆಸಿಕೊಂಡ.

ಈ ನಾದಿನಿಯ ಬಗ್ಗೆ ಹೇಳಬೇಕು. ಪರೀಕ್ಷೆ ನಡೆಯುವ ಕೊಠಡಿಗಳಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಮೂವತ್ತು ವರ್ಷ ಕಾಪಿ ಹಿಡಿದ ಕಣ್ಣು. ಅತ್ತಿಗೆಯ ಎದುರು ಕುರ್ಚಿ ಹಾಕಿಕೊಂಡಳೆಂದರೆ ನೊಣವೂ ಅವಳ ಅಪ್ಪಣೆ ಇಲ್ಲದೆ ಕೂರುವಂತಿರಲಿಲ್ಲ.

"ಅತ್ತಿಗೆ, ಕೈ ಕಾಣೋ ಹಾಗಿಟ್ಕೊಳ್ಳಿ."

"ತಟ್ಟೇಲಿ ಹಾಕಿ ನಿನ್ನ ಮುಂದೆ ಇಡ್ಲಾ?"

"ತಮಾಷೆ ಬೇಡ. ನಮ್ಮಣ್ಣ ಊಟ ಬಿಟ್ಟು ಸೊರಗ್ತಿದ್ದಾನೆ."

"ಅವರಿಗೆ ಹಸಿವಾಗ್ತಿಲ್ಲ, ನನಗೆ ನೋವಾಗ್ತಿದೆ. ಎರಡೂ ಒಂದೇನಾ?"

"ಚುಚ್ಕೊಂಡೋರಿಗೆ ನೋವಾಗ್ದೆ ಏನಾಗುತ್ತೆ?"

ಕಾಜಕ್ಕ ಅಂಗಡಿಯ ರೂಢಿಯನ್ನು ಹೇಳಿ ನೋಡಿದಳು. ಗಂಡನಿಗೆ, ನಾದಿನಿಗೆ, ಪಟ್ಟಿ ಬದಲಿಸುವ ನರ್ಸಿಗೆ. ಹೇಳಿದಷ್ಟೂ ಅದು ಕಟ್ಟುಕಥೆಯ ಹಾಗೆ ಕೇಳತೊಡಗಿತು. ಸೂಜಿ ಸರಿಯಿದೆಯೇ ಎಂದು ಯಾರಾದರೂ ಮೈಗೆ ಚುಚ್ಚಿ ನೋಡುತ್ತಾರೆಯೇ? ಮಾಸ್ಟರ್ ಬಂದು ಸಾಕ್ಷಿ ಹೇಳಿದ. "ನೀವೂ ಅದೇ ಅಂಗಡಿಯವರೇ ಅಲ್ವಾ," ಎಂದು ನಾದಿನಿ ಬಾಗಿಲಲ್ಲೇ ಮಾತು ಮುಗಿಸಿದಳು. ಅಳುತ್ತಿದ್ದರೆ ತಪ್ಪಿತಸ್ಥೆಯ ಅಳು. ಸುಮ್ಮನಿದ್ದರೆ ಒಳಗೊಳಗೇ ಏನೋ ಹೊಂಚುತ್ತಿದ್ದಾಳೆ. ಸಿಟ್ಟು ಮಾಡಿದರೆ, ನೋಡಿ, ತಲೆ ಕೆಟ್ಟಿದೆ. ನಿರಪರಾಧಿಯೊಬ್ಬಳು ಹೇಗೆ ಕೂರಬೇಕು, ಯಾವ ಮುಖ ಇಟ್ಟುಕೊಳ್ಳಬೇಕು ಎಂದು ಇವರಲ್ಲಿ ಯಾರಾದರೂ ಬರೆದುಕೊಟ್ಟಿದ್ದರೆ ಹಾಗೆಯೇ ಕೂರುತ್ತಿದ್ದಳು.

ಡಾಕ್ಟರು ಒಂದು ಪರೀಕ್ಷೆ ಹೂಡಿದರು. ಎಡಗೈಗೆ ಬೆರಳ ತುದಿಯಿಂದ ಮೊಣಕೈ ದಾಟುವವರೆಗೆ ಪ್ಲಾಸ್ಟರು. ಒಳಗೆ ಕೈ ಹೋಗುವಂತಿಲ್ಲ. ತಾನೇ ಮಾಡಿಕೊಂಡದ್ದಾದರೆ ಹತ್ತು ದಿನದಲ್ಲಿ ವಾಸಿಯಾಗಲೇಬೇಕು. ಹತ್ತು ದಿನ ಕಾಜಕ್ಕ ಆ ಬಿಳಿ ಕೊಳವೆಯೊಳಗೆ ತನ್ನ ಕೈ ಬೇಯುತ್ತಿರುವುದನ್ನು ಕೇಳಿಸಿಕೊಂಡಳು. ಬಿಚ್ಚಿದಾಗ ಹುಣ್ಣು ಮಣಿಕಟ್ಟು ದಾಟಿತ್ತು. ಬೆರಳಿನ ನರಗಳು ಬಿಳಿಯ ದಾರದ ಹಾಗೆ ಕಾಣುತ್ತಿದ್ದವು.

ಈಗಲಾದರೂ ಅನುಮಾನ ಹೋಗಬೇಕಿತ್ತಲ್ಲ? ಡಾಕ್ಟರು ಹೇಳಿದ್ದು, "ಪ್ಲಾಸ್ಟರಿನ ಸಂದಿಯಿಂದ ಏನೋ ತೂರಿಸಿದ್ದಾರೆ." ವಾಸಿಯಾಗಿದ್ದರೆ ಅವಳೇ ಮಾಡಿಕೊಂಡದ್ದು. ವಾಸಿಯಾಗದಿದ್ದರೂ ಅವಳೇ ಮಾಡಿಕೊಂಡದ್ದು. ಇದಕ್ಕೆ ಇವರು ಪರೀಕ್ಷೆ ಎನ್ನುತ್ತಾರೆ! ಯಾವ ಉತ್ತರ ಬರೆದರೂ ನಪಾಸು ಮಾಡುವ ಪರೀಕ್ಷೆ.

ನಾದಿನಿ ಮಾತ್ರ ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಬೆರಳು ಮಡಚಿ ದಿನ ಎಣಿಸುತ್ತ ಬಂದಳು. ಹತ್ತು ದಿನವೂ ಎದುರಿಗೆ ಕೂತವಳು ಅವಳೇ ತಾನೆ. "ನಾನು ಯಾವಾಗ ಕಣ್ಣು ಮುಚ್ಚಿದೆ?" ಎಂದು ತನಗೆ ತಾನೇ ಅಂದುಕೊಂಡಳಂತೆ. ತನ್ನ ಕಾವಲಿನ ಮೇಲೆ ಯಾರೋ ಷರಾ ಬರೆದ ಹಾಗಾಗಿತ್ತು ಅವಳಿಗೆ.

ಮರುದಿನವೇ ವಾರ್ಡಿಗೆ ಸೇರಿಸಿದರು. ಮೂರನೆಯ ಸಲ ಕೆರೆದರು. ಎಡಗೈಗೆ ಮತ್ತೆ ಪ್ಲಾಸ್ಟರು ಹಾಕಿ ಕಂಬಕ್ಕೆ ತೂಗುಹಾಕಿದರು. ಬಲಗೈ ಎಡಗೈಯನ್ನು ಮುಟ್ಟಬಾರದೆಂದು ಅದನ್ನು ಮೆತ್ತನೆಯ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದರು. ತುತ್ತು ತಿನ್ನಿಸುವವಳು ನಾದಿನಿ, ಮೂಗು ತುರಿಸಿದರೆ ಕೆರೆಯುವವಳೂ ನಾದಿನಿ. ಮಂಚದ ಬಲಗಡೆ ಗೋಡೆ, ಎಡಗಡೆ ನಾದಿನಿಯ ಸ್ಟೂಲು, ಮೇಲೆ ಸುಣ್ಣ ಉದುರುವ ಸೂರು.

"ಹೀಗೇ ಬಿಟ್ರೆ ಮೇಲಕ್ಕೆ ಹಬ್ಬಿ ಪ್ರಾಣಕ್ಕೇ ಬರುತ್ತೆ," ಎಂದರು ದೊಡ್ಡ ಡಾಕ್ಟರು. "ಮೊಣಕೈ ಕೆಳಗೆ ತೆಗೆದುಬಿಡೋಣ. ಗುರುವಾರ."

ಗಂಡ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಅವಳ ಸಹಿ ಬಾಕಿ ಇತ್ತು. ಕಾಗದವನ್ನು ಅವಳ ಕಣ್ಣಿಗೆ ಹತ್ತಿರ ಹಿಡಿದು, "ಹಾಕ್ಬಿಡೇ, ಜೀವ ಉಳಿದ್ರೆ ಸಾಕು," ಎಂದ.

"ನನ್ನ ಕೈ ತೆಗೆಯೋಕೆ ನಿಮ್ಮ ಕೈ ಎಷ್ಟು ಬೇಗ ಓಡ್ತು ರೀ," ಎಂದಳು ಅವಳು.

ಅವನು ಮುಖ ತಿರುಗಿಸಿ ಕಿಟಕಿಯ ಕಡೆ ಹೋದ. ಅವಳು ಬುಧವಾರದವರೆಗೆ ಸಮಯ ಕೇಳಿದಳು. ಸಮಯ ತೆಗೆದುಕೊಂಡು ಏನು ಮಾಡುತ್ತಾಳೆಂದು ಅವಳಿಗೇ ತಿಳಿದಿರಲಿಲ್ಲ. ಎಡಗೈ ಬಟ್ಟೆ ಹಿಡಿಯುವ ಕೈ. ಬಲಗೈ ಎಷ್ಟು ಚುರುಕಾಗಿದ್ದರೇನು, ಬಟ್ಟೆ ಹಿಡಿಯಲು ಯಾರೂ ಇಲ್ಲದಿದ್ದರೆ ಅದು ಗಾಳಿಯಲ್ಲಿ ಹೊಲಿಯಬೇಕು.

ಸೋಮವಾರ ಬಲಗೈಯ ಮೊಣಕೈ ಮಡಿಕೆಯಲ್ಲಿ ಡ್ರಿಪ್ಪಿನ ಸೂಜಿ ಚುಚ್ಚಿದ್ದರು. ಅದು ಊದಿಕೊಂಡಿತೆಂದು ಮಂಗಳವಾರ ತೆಗೆದರು. ಬುಧವಾರ ಬೆಳಿಗ್ಗೆ ಪಟ್ಟಿ ಕಟ್ಟಲು ಬಂದವನು ಆ ಜಾಗದ ಹತ್ತಿಯನ್ನು ಎತ್ತಿದವನೇ ಹಾಗೆಯೇ ನಿಂತುಬಿಟ್ಟ. ವಾರ್ಡಿನಲ್ಲಿ ಅವನನ್ನು ಪಟ್ಟಿಯಣ್ಣ ಎನ್ನುತ್ತಾರೆ. ಓದಿದ್ದು ಅಷ್ಟಕ್ಕಷ್ಟೇ, ನೋಡಿದ ಗಾಯಗಳಿಗೆ ಲೆಕ್ಕವಿಲ್ಲ.

ಸೂಜಿ ಹೊಕ್ಕಿದ್ದ ತೂತಿನ ಮೇಲೆ ಒಂದು ಕೀವುಗುಳ್ಳೆ. ಸುತ್ತ ನೇರಳೆ ಅಂಚು.

"ಅಮ್ಮಾ," ಎಂದ ನಾದಿನಿಗೆ, "ಇವರ ಕಾವಲಿಗಿರೋದು ನೀವೇ ತಾನೆ?"

"ಹೂಂ. ಯಾಕೆ?"

"ಈ ಕೈ ಬಿಚ್ಚಿದ್ರಾ?"

"ನಾನಾ? ಬಿಚ್ಚೋದಾ? ಕಟ್ಟಿದ ಗಂಟು ಹಾಗೇ ಇದೆ ನೋಡಿ."

"ಆ ಕೈ?"

"ಅದು ಕಂಬದಲ್ಲಿ ನೇತಾಡ್ತಿದೆಯಲ್ಲಪ್ಪ, ಕಣ್ಣು ಕಾಣಲ್ವಾ?"

"ನನಗೆ ಕಾಣುತ್ತಮ್ಮ. ಹಾಗಾದ್ರೆ ಇಲ್ಲಿಗೆ ಚುಚ್ಚಿದ್ದು ಯಾರು?"

ನಾದಿನಿ ಎದ್ದು ಬಗ್ಗಿ ನೋಡಿದಳು. ಗುಳ್ಳೆಯನ್ನು, ಗಂಟನ್ನು, ತೂಗುಹಾಕಿದ ಪ್ಲಾಸ್ಟರನ್ನು, ಮತ್ತೆ ಗುಳ್ಳೆಯನ್ನು. ಆಮೇಲೆ ನಿಧಾನವಾಗಿ ಹೇಳಿದಳು. "ನೀವು. ಸೋಮವಾರ ಡ್ರಿಪ್ಪಿಗೆ ಆಸ್ಪತ್ರೆಯವರು ನೀವೇ ಚುಚ್ಚಿದ್ರಿ."

ಕಾಜಕ್ಕ ಸೂರು ನೋಡುತ್ತ ಮಲಗಿದ್ದಳು. "ಈಗ ಆಸ್ಪತ್ರೆಯವರ ಹೆಸರಲ್ಲೂ ಬರೀರಿ," ಎಂದಳು, "ಒಪ್ಪಿಕೊಂಡಿದ್ದಾರೆ ಅಂತ."

ರೌಂಡಿಗೆ ಬಂದ ದೊಡ್ಡ ಡಾಕ್ಟರಿಗೆ ನಾದಿನಿ ಆ ಜಾಗ ತೋರಿಸಿದಳು. "ಡ್ರಿಪ್ ಹಾಕಿದ ಕಡೆ ಸೋಂಕು. ಆಗುತ್ತೆ," ಎಂದು ಅವರು ಮುಂದಿನ ಮಂಚಕ್ಕೆ ಹೊರಟರು.

"ನಿಲ್ಲಿ ಸಾರ್," ಎಂದಳು ನಾದಿನಿ, ಪರೀಕ್ಷೆಯ ಕೊಠಡಿಯಲ್ಲಿ ಬಳಸುತ್ತಿದ್ದ ದನಿಯಲ್ಲಿ. "ಅದೇ ಗುಳ್ಳೆ ಆ ಕೈಗೆ ಬಂದ್ರೆ ಅವರೇ ಮಾಡ್ಕೊಂಡಿದ್ದು. ಈ ಕೈಗೆ ಬಂದ್ರೆ ತಾನಾಗಿ ಆಗುತ್ತೆ. ಅದು ಹೇಗೆ?"

"ನಿಮಗೆ ಇದೆಲ್ಲ ಅರ್ಥ ಆಗಲ್ಲಮ್ಮ."

"ಅರ್ಥ ಆಗೋದು ನನಗೆ ಒಂದೇ. ನಾನು ಕಾವಲು ಕೂತಿದ್ದೆ. ಇವರು ಮುಟ್ಟಿಲ್ಲ."

ಡಾಕ್ಟರು ನಿಲ್ಲಲಿಲ್ಲ. ಪಟ್ಟಿಯಣ್ಣ ಟ್ರೇ ಜೋಡಿಸುವ ನೆಪದಲ್ಲಿ ಅವಳ ಪಕ್ಕಕ್ಕೆ ಬಂದು, ಪಡಸಾಲೆಯ ಕೊನೆಯ ಕೋಣೆಯಲ್ಲಿ ಬುಧವಾರ ಮಾತ್ರ ಚರ್ಮದ ಡಾಕ್ಟರಮ್ಮ ಕೂರುತ್ತಾರೆ, ಹನ್ನೆರಡಕ್ಕೆ ಎದ್ದು ಹೋಗುತ್ತಾರೆ ಎಂದ. ಆಗಲೇ ಹನ್ನೊಂದು ಮುಕ್ಕಾಲು. ನಾದಿನಿ ಓಡಿದಳು. ಅರವತ್ತೆರಡರ ಹೆಂಗಸು, ಮಂಡಿನೋವಿನವಳು, ಸಾಲಿನಲ್ಲಿ ನಿಂತವರ ಬೈಗುಳ ತಿಂದು ಕೋಣೆಗೆ ನುಗ್ಗಿದಳು.

ಡಾಕ್ಟರಮ್ಮ ಬಂದು ಎರಡೂ ಗಾಯ ನೋಡಿದರು. ಫೈಲು ಓದಿದರು. ಆಮೇಲೆ ಫೈಲು ಮುಚ್ಚಿ, ಮಂಚದ ಅಂಚಿನಲ್ಲಿ ಕೂತು ಕೇಳಿದರು.

"ಸೂಜಿ ಯಾಕಮ್ಮ ಚುಚ್ಕೋತಿದ್ರಿ?"

ಎರಡು ತಿಂಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಕಾಜಕ್ಕ ಎಲ್ಲ ಹೇಳಿದಳು. ಬಾಗಿದ ಮೊನೆ, ರೇಷ್ಮೆಯ ಎಳೆ, ತಣ್ಣಗೆ ಜಾರುವ ಒಳ್ಳೆಯ ಸೂಜಿ.

"ಇದು ಸೋಂಕಲ್ಲ," ಎಂದರು ಡಾಕ್ಟರಮ್ಮ. "ನಮ್ಮ ರಕ್ತದಲ್ಲೇ ಕಾವಲಿನ ಕಣಗಳಿರ್ತವೆ. ಅವು ದಾರಿ ತಪ್ಪಿ ನಿಮ್ಮ ಚರ್ಮವನ್ನೇ ತಿನ್ನೋಕೆ ಶುರುಮಾಡಿವೆ. ಒಂದು ಸೂಜಿ ತಾಗಿದ್ರೂ ಅಲ್ಲಿಗೆ ನುಗ್ತವೆ. ಕತ್ತರಿಸಿದಷ್ಟೂ, ಕೆರೆದಷ್ಟೂ ಹಬ್ಬುತ್ತೆ. ಕಾಯಿಲೆಯೇ ಅಪರೂಪ, ಬಂದ್ರೂ ಹೆಚ್ಚಾಗಿ ಕಾಲಿಗೆ ಬರುತ್ತೆ. ಕೈ ಹಿಂಬದಿಗೆ ಬಂದಿದ್ದನ್ನ ನಾನೂ ಇದೇ ಮೊದಲು ನೋಡ್ತಿರೋದು."

"ಇಪ್ಪತ್ತೆರಡು ವರ್ಷ ಸುಮ್ಮನಿದ್ದಿದ್ದು ಈಗ್ಯಾಕೆ ಬಂತು?"

"ಗೊತ್ತಿಲ್ಲ."

ಆ ಉತ್ತರ ಕೇಳಿಯೇ ತನಗೆ ಇವರ ಮೇಲೆ ನಂಬಿಕೆ ಬಂದದ್ದು ಎನ್ನುತ್ತಾಳೆ ಕಾಜಕ್ಕ.

ಗುರುವಾರ ಶಸ್ತ್ರಚಿಕಿತ್ಸೆಯ ಕೋಣೆಗೆ ಅವಳನ್ನು ಒಯ್ಯಲಿಲ್ಲ. ಅಂಚಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ದಿನಕ್ಕೆ ಒಂದು ಹಿಡಿ ಮಾತ್ರೆ ಕೊಟ್ಟರು. ನಾಲ್ಕನೆಯ ದಿನ ನೋವು ಇಳಿಯಿತು. ವಾರದಲ್ಲಿ ನೇರಳೆ ಅಂಚು ಬಾಡಿತು. ಮಾತ್ರೆಗೆ ಮುಖ ಊದಿ ಕನ್ನಡಿಯಲ್ಲಿ ಅವಳೇ ಅವಳಿಗೆ ಗುರುತು ಸಿಗದಾದಳು. ಹುಣ್ಣು ಮುಚ್ಚಲು ನಾಲ್ಕು ತಿಂಗಳು ಹಿಡಿಯಿತು. ಈಗ ಅಲ್ಲಿ ಜರಡಿಯ ಹಾಗೆ ತೂತು ತೂತಾದ, ಕಾಗದದಷ್ಟು ತೆಳ್ಳಗಿನ ಚರ್ಮ. ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಆದರೆ ಕೈ ಇದೆ. ಬಟ್ಟೆ ಹಿಡಿಯುತ್ತದೆ.

ಹಿಡಿಯುತ್ತದೆ ಎಂದು ಹೇಳಿಯೇ ಅವಳು ಗಂಡನ ಹತ್ತಿರ ಕಪಾಟಿನ ಕೀಲಿ ಕೇಳಿದಳು.

"ಡಾಕ್ಟರಮ್ಮನೇ ಸೂಜಿ ತಾಗಬಾರದು ಅಂದಿದ್ದಾರಲ್ಲ," ಎಂದ ಅವನು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಈಗ ನಾನು ನಿನ್ನನ್ನ ಪೂರ್ತಿ ನಂಬ್ತೀನಿ."

"ನಂಬದೆ ಹಾಕಿದ ಬೀಗವೂ ಅದೇ, ನಂಬಿ ಹಾಕಿದ ಬೀಗವೂ ಅದೇ," ಎಂದಳು ಅವಳು. "ಕೂದಲಿನ ಕ್ಲಿಪ್ಪಾದ್ರೂ ಕೊಡಿ."

ಕ್ಲಿಪ್ಪು ಕೊಟ್ಟ.

ಅಂಗಡಿಗೆ ಹೋಗುತ್ತಾಳೆ, ಮಧ್ಯಾಹ್ನದವರೆಗೆ. ಸೀಮೆಸುಣ್ಣದಿಂದ ಕಾಜಾದ ಜಾಗ ಗುರುತು ಮಾಡುತ್ತಾಳೆ, ಉಳಿದ ದಾರ ಕತ್ತರಿಸುತ್ತಾಳೆ. ಸ್ಟೂಲು ಅವಳದೇ, ಸೂಜಿ ಅವಳದಲ್ಲ. ಹೊಸ ಸೂಜಿಯ ಪೊಟ್ಟಣ ಒಡೆದಾಗೆಲ್ಲ ಅವಳ ಬಲಗೈ ತಾನಾಗಿ ಏಳುತ್ತದೆ. ಕೂಡಲೇ ಮೂರೂ ಯಂತ್ರ ಒಟ್ಟಿಗೆ ನಿಂತು, "ಕಾಜಕ್ಕಾ!" ಎಂದು ಕೂಗು ಏಳುತ್ತದೆ. "ಮನೇಲಿ ಒಬ್ಬಳು ಕಾವಲಿದ್ದಳು. ಇಲ್ಲಿ ನಾಲ್ಕು ಜನ," ಎಂದು ಗೊಣಗುತ್ತ, ಸೂಜಿಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುತ್ತಾಳೆ. ಉಗುರಿಗೂ ತಿಳಿಯುತ್ತದೆ. ಚರ್ಮಕ್ಕೆ ತಿಳಿದಷ್ಟು ತಿಳಿಯುವುದಿಲ್ಲ.

ಒಂದು ಕೆಲಸ ಮಾತ್ರ ಆಗಲೇ ಇಲ್ಲ. ಫೈಲಿನಲ್ಲಿ ತನ್ನ ಮೇಲೆ ಬರೆದ ಆ ಸಾಲನ್ನು ಹೊಡೆದುಹಾಕಿ ಎಂದು ಅವಳು ಕೇಳಿದ್ದಳು. ಬರೆದದ್ದನ್ನು ಹೊಡೆಯಲು ನಿಯಮವಿಲ್ಲವಂತೆ. ಮುಂದೆ ಹೊಸದಾಗಿ ಬರೆಯಬಹುದಂತೆ. ಡಾಕ್ಟರಮ್ಮ ಹನ್ನೊಂದನೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಈ ಗಾಯ ಸ್ವಯಂಕೃತವಲ್ಲ, ಯಾರೂ ಕತ್ತರಿಸಬಾರದು, ತೀರಾ ಅಗತ್ಯವಿಲ್ಲದೆ ಸೂಜಿ ಚುಚ್ಚಬಾರದು. ಆದರೆ ಫೈಲನ್ನು ಯಾರು ಹನ್ನೊಂದನೇ ಪುಟದಿಂದ ಓದುತ್ತಾರೆ? ಒಂದು ಹೆಣ್ಣಿನ ಕೈ ಕತ್ತರಿಸಲು ಒಂದೇ ದಿನದಲ್ಲಿ ಕಾಗದ ಸಿದ್ಧವಾಗುವ ಕಡೆ, ಒಂದು ಸುಳ್ಳನ್ನು ಅಳಿಸಲು ನಿಯಮವಿಲ್ಲ.

ತಿಂಗಳಿಗೊಮ್ಮೆ ತೋರಿಸಲು ಹೋಗಬೇಕು. ನಾದಿನಿ ಜೊತೆಗೆ ಹೋಗುತ್ತಾಳೆ, ಯಾರೂ ಕರೆಯದೆಯೇ. ಕಳೆದ ಸಲ ಡಾಕ್ಟರಮ್ಮ ರಜೆಯಲ್ಲಿದ್ದರು. ಅವರ ಜಾಗದಲ್ಲಿ ಹೊಸದಾಗಿ ಬಂದ ಡಾಕ್ಟರು. ನಗುಮುಖದಿಂದ ಕೂರಿಸಿ, ಫೈಲು ತೆರೆದು ಓದತೊಡಗಿದರು. ಎರಡನೇ ಪುಟಕ್ಕೆ ಬಂದಾಗ ನಗು ನಿಂತಿತು. ಮೇಜಿನ ಮೇಲೆ, ಕಾಜಕ್ಕನ ಹತ್ತಿರ, ಸೂಜಿಮದ್ದಿನ ಟ್ರೇ ಇತ್ತು. ಓದುತ್ತಲೇ ಅವರು ಎಡಗೈಯಿಂದ ಅದನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು, ಅವಳ ಕೈಗೆ ಎಟುಕದಷ್ಟು ದೂರಕ್ಕೆ.

ಕಾಜಕ್ಕ ತನ್ನ ಎರಡೂ ಕೈ ಮೇಜಿನ ಮೇಲೆ, ಕಾಣುವ ಹಾಗೆ ಇಟ್ಟುಕೊಂಡಳು.

"ಪುಟ ತಿರುಗಿಸಿ ಡಾಕ್ಟ್ರೇ," ಎಂದಳು ನಾದಿನಿ. "ಹನ್ನೊಂದನೇದು."

ಅವರು ತಿರುಗಿಸಿದರು. ಕೆಂಪು ಶಾಯಿಯನ್ನು ಎರಡು ಸಲ ಓದಿದರು. "ಓಹೋ," ಎಂದರು. ಕೈ ಹಿಡಿದು ನೋಡಿ, ಚೆನ್ನಾಗಿ ಮಾಗಿದೆ ಎಂದು ಮಾತ್ರೆ ಒಂದು ಕಡಿಮೆ ಮಾಡಿದರು.

ಟ್ರೇಯನ್ನು ಮಾತ್ರ ಇದ್ದ ಜಾಗಕ್ಕೆ ತಳ್ಳಲಿಲ್ಲ.